ವಾರದ ಸಭೆ ತಪ್ಪದೆ ನಡೆದರೂ ಕೆಲಸ ಏಕೆ ಮುಂದೆ ಸಾಗುವುದಿಲ್ಲ?

ಪ್ರಶ್ನೆ: ನಮ್ಮದು ಪೀಣ್ಯದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಘಟಕ. ಮಾರಾಟ, ಖರೀದಿ, ಉತ್ಪಾದನೆ, ಗುಣಮಟ್ಟ ಹೀಗೆ ಬೇರೆ ಬೇರೆ ವಿಭಾಗಗಳ 9 ಜನ ಪ್ರತಿ ಸೋಮವಾರ ಒಂದು ಗಂಟೆ ಸಭೆ ಸೇರುತ್ತೇವೆ. ಎಲ್ಲರೂ ಒಪ್ಪಿಕೊಂಡೇ ಏಳುತ್ತಾರೆ, ಆದರೆ ಮುಂದಿನ ಸೋಮವಾರ ಅದೇ ವಿಷಯ ಮತ್ತೆ ಮೇಜಿನ ಮೇಲೆ ಬಂದಿರುತ್ತದೆ. ಇಂತಹ ಸಭೆಯನ್ನು ನಿಲ್ಲಿಸಿಬಿಡಬಹುದೇ?

ಉತ್ತರ: ನಿಲ್ಲಿಸಬೇಕಾಗಿಲ್ಲ, ಸಭೆ ಆರಂಭವಾಗುವ ಕ್ರಮವನ್ನು ಬದಲಿಸಿದರೆ ಸಾಕು. ಬಹುತೇಕ ತಂಡಗಳು ಹೊಸ ವಿಷಯದಿಂದ ಮಾತು ಶುರು ಮಾಡುತ್ತವೆ, ಹೋದ ವಾರ ಒಪ್ಪಿಕೊಂಡ ಕೆಲಸ ಏನಾಯಿತು ಎಂಬ ವಿಚಾರಣೆ ಕೊನೆಯ ಐದು ನಿಮಿಷಕ್ಕೆ ಸರಿಯುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ. ಒಪ್ಪಿಕೊಂಡದ್ದನ್ನು ಇಲ್ಲಿ ಯಾರೂ ಮತ್ತೆ ಕೇಳುವುದಿಲ್ಲ ಎಂಬುದು ಎರಡು ಮೂರು ವಾರಗಳಲ್ಲಿ ಎಲ್ಲರಿಗೂ ಮನದಟ್ಟಾಗುತ್ತದೆ. ಆಮೇಲೆ ಸಭೆಯಲ್ಲಿ ತಲೆಯಾಡಿಸುವುದು ಬರೀ ಶಿಷ್ಟಾಚಾರವಾಗಿ ಉಳಿಯುತ್ತದೆ.

ಇದಕ್ಕೆ ಪರಿಹಾರ ನಮ್ಮ ಸರ್ಕಾರಿ ಕಚೇರಿಗಳ ರೂಢಿಯಲ್ಲೇ ಇದೆ. ಜಿಲ್ಲಾ ಉಸ್ತುವಾರಿ ಸಚಿವರ ಅಧ್ಯಕ್ಷತೆಯಲ್ಲಿ ನಡೆಯುವ ತ್ರೈಮಾಸಿಕ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆಯಲ್ಲಿ, ಹಿಂದಿನ ಸಭೆಯಲ್ಲಿ ಕೊಟ್ಟ ಸೂಚನೆಗಳ ಮೇಲೆ ಪ್ರತಿ ಇಲಾಖೆಯೂ ಅನುಪಾಲನಾ ವರದಿ, ಅಂದರೆ ಹೇಳಿದ ಕೆಲಸ ಎಷ್ಟಾಯಿತು ಎಂಬ ಲೆಕ್ಕ, ಕೊಡಬೇಕಾಗುತ್ತದೆ. ಆ ಸಭೆಗಳೆಲ್ಲ ಆದರ್ಶ ಎಂದು ನಾನು ಹೇಳುತ್ತಿಲ್ಲ. ‘ಕ್ರಮ ವಹಿಸಲಾಗುತ್ತಿದೆ’ ಎಂಬ ಒಂದೇ ಉತ್ತರದಿಂದ ಸಭೆಯ ಮೇಲೆ ಸಭೆ ದಾಟಿಸುವ ಜಾಣರು ಎಲ್ಲ ಇಲಾಖೆಗಳಲ್ಲೂ ಇದ್ದಾರೆ. ಆದರೂ ಹಳೆಯ ಲೆಕ್ಕ ಒಪ್ಪಿಸಿದ ಮೇಲೆಯೇ ಹೊಸ ಮಾತು ಎಂಬ ಆ ಏರ್ಪಾಡು ಸರಿಯಾದದ್ದು. ನಿಮ್ಮ ಸೋಮವಾರದ ಸಭೆಯ ಮೊದಲ ಹದಿನೈದು ನಿಮಿಷವನ್ನು ಅನುಪಾಲನೆಗೇ ಮೀಸಲಿಡಿ, ಅದು ಮುಗಿಯುವವರೆಗೆ ಬೇರೆ ವಿಷಯ ಎತ್ತಲು ಬಿಡಬೇಡಿ.

ಅನುಪಾಲನೆ ಸಾಧ್ಯವಾಗಬೇಕಾದರೆ ನಡಾವಳಿಯನ್ನು ಬರೆಯುವ ರೀತಿಯೂ ಬದಲಾಗಬೇಕು. ‘ಮಾಲು ರವಾನೆ ತಡವಾಗುತ್ತಿರುವ ಬಗ್ಗೆ ಚರ್ಚಿಸಿ, ಸೂಕ್ತ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು’ ಎಂದು ಬರೆದಿಟ್ಟರೆ ಮುಂದಿನ ವಾರ ಯಾರನ್ನು ಏನೆಂದು ಕೇಳುವುದು? ಅದರ ಬದಲು ‘ಮೂವರು ಸಾಗಣೆದಾರರಿಂದ ದರಪಟ್ಟಿ ತರಿಸಿ ಮಾಲೀಕರಿಗೆ ಒಪ್ಪಿಸುವುದು, ಹೊಣೆ: ಖರೀದಿ ಅಧಿಕಾರಿ, ಗಡುವು: ಗುರುವಾರ ಸಂಜೆ 5 ಗಂಟೆ’ ಎಂದು ಬರೆದರೆ, ಶುಕ್ರವಾರ ಬೆಳಿಗ್ಗೆ ಆ ಕೆಲಸ ಆಗಿದೆಯೋ ಇಲ್ಲವೋ ಎಂಬುದರಲ್ಲಿ ಗೊಂದಲವೇ ಇರುವುದಿಲ್ಲ. ಇದಕ್ಕೆ ದುಬಾರಿ ತಂತ್ರಾಂಶ ಬೇಕಾಗಿಲ್ಲ. ಕೆಲಸ, ಹೊಣೆ ಹೊತ್ತವರು, ಗಡುವು, ಈಗಿನ ಸ್ಥಿತಿ ಎಂದು ನಾಲ್ಕು ಕಲಂ ಎಳೆದ ಒಂದು ರಿಜಿಸ್ಟರ್ ಸಾಕು.

ಕಂಪನಿಗಳ ಕಾಯ್ದೆ, 2013ರ ಪ್ರಕಾರ ಆಡಳಿತ ಮಂಡಳಿಯ ಸಭೆ ಮುಗಿದ 30 ದಿನಗಳೊಳಗೆ ಅದರ ನಡಾವಳಿ ಸಿದ್ಧವಾಗಬೇಕು. ವಾರದ ಸಭೆಗೆ ಆ ಅವಧಿ ತೀರಾ ದೀರ್ಘ. ಇಲ್ಲಿ ಎಲ್ಲರೂ ಕುರ್ಚಿ ಬಿಟ್ಟು ಏಳುವ ಮೊದಲೇ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಬೇಕು. ‘ನಾನು ಹಾಗೆ ಒಪ್ಪಿರಲಿಲ್ಲ’ ಎನ್ನುವ ತಕರಾರು ಏಳುವುದಿದ್ದರೆ ಆಗಲೇ ಏಳಲಿ. ಓದಿದ ಪುಟದ ಫೋಟೊ ಮಧ್ಯಾಹ್ನದೊಳಗೆ ತಂಡದ ವಾಟ್ಸ್ಆ್ಯಪ್ ಗುಂಪಿಗೆ ಹೋಗಲಿ.

ಹೊಣೆಯ ಕಲಂನಲ್ಲಿ ಒಬ್ಬರ ಹೆಸರಷ್ಟೇ ಇರಬೇಕು ಎಂಬುದರಲ್ಲಿ ಮಾತ್ರ ಯಾವ ರಿಯಾಯಿತಿಯನ್ನೂ ಕೊಡಬೇಡಿ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸಿಮಿಲಿಯನ್ ರಿಂಗೆಲ್‌ಮನ್ 1913ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾರ ಎಳೆಯುವವರ ಸಂಖ್ಯೆ ಹೆಚ್ಚಾದಂತೆಲ್ಲ ತಲಾ ಒಬ್ಬೊಬ್ಬರು ಹಾಕುವ ಬಲ ಕಡಿಮೆಯಾಗುತ್ತಾ ಹೋಯಿತು. ಎಳೆತ ಒಂದೇ ಕ್ಷಣಕ್ಕೆ ಕೂಡಿಬರದಿರುವುದು ಅದಕ್ಕೆ ಒಂದು ಕಾರಣ, ಉಳಿದವರು ಎಳೆಯುತ್ತಾರೆ ಎಂಬ ಭರವಸೆ ಇನ್ನೊಂದು. ‘ಮಾರಾಟ ಮತ್ತು ಉತ್ಪಾದನಾ ವಿಭಾಗದವರು ಸೇರಿ ನೋಡಿಕೊಳ್ಳುವುದು’ ಎಂದು ಬರೆದ ಸಾಲಿನಲ್ಲಿ ಈ ಎರಡನೆಯ ಕಾರಣವೇ ಕೆಲಸ ಮಾಡುತ್ತದೆ. ನೆರವಾಗುವವರು ಎಷ್ಟು ಜನರಾದರೂ ಇರಲಿ, ಉತ್ತರ ಕೊಡುವವರು ಒಬ್ಬರೇ ಆಗಿರಬೇಕು.

ಇನ್ನು ಸಂವಹನದ ವಿಷಯ. ನಮ್ಮ ಕಚೇರಿಗಳಲ್ಲಿ ಹಿರಿಯರು ಒಮ್ಮೆ ಅಭಿಪ್ರಾಯ ಹೇಳಿಬಿಟ್ಟರೆ ಉಳಿದವರ ಪಾಲಿಗೆ ‘ಸರಿ ಸರ್’ ಎನ್ನುವುದಷ್ಟೇ ಉಳಿಯುತ್ತದೆ. ಯಂತ್ರದ ಮುಂದೆ ನಿಲ್ಲುವ ಕಿರಿಯ ಮೇಲ್ವಿಚಾರಕನಿಗೆ ಸರಕು ಬುಧವಾರಕ್ಕೆ ಸಿದ್ಧವಾಗುವುದಿಲ್ಲ ಎಂದು ಖಚಿತವಾಗಿ ಗೊತ್ತಿದ್ದರೂ, ಮಾಲೀಕರು ಬುಧವಾರ ಎಂದ ಮೇಲೆ ಆತ ಬಾಯಿ ಬಿಡುವುದಿಲ್ಲ. ಗ್ರಾಹಕರ ಫೋನ್ ಬಂದಾಗ ಸತ್ಯ ಹೊರಬೀಳುತ್ತದೆ. ಭಾರತೀಯ ಸೇನೆಯ ಕೋರ್ಟ್ ಮಾರ್ಷಲ್‌ನಲ್ಲಿ ಸದಸ್ಯರ ಅಭಿಪ್ರಾಯವನ್ನು ಅತ್ಯಂತ ಕಿರಿಯ ದರ್ಜೆಯವರಿಂದ ಆರಂಭಿಸಿ ಕೇಳುವ ನಿಯಮವಿರುವುದು ಇಂತಹ ಸಂಕೋಚವನ್ನು ತಪ್ಪಿಸುವುದಕ್ಕೇ. ನೀವೂ ಕಿರಿಯರಿಂದ ಕೇಳುತ್ತಾ ಬನ್ನಿ, ನಿಮ್ಮ ಮಾತು ಕೊನೆಯದಾಗಲಿ.

ಗಡುವು ತಪ್ಪಿದವರನ್ನು ಎಲ್ಲರೆದುರು ಗದರಿಸಬಾರದು, ಏಕೆಂದರೆ ಒಮ್ಮೆ ಗದರಿಸಿಕೊಂಡವರು ಮುಂದಿನ ಬಾರಿ ‘ಬಹುತೇಕ ಮುಗಿದಿದೆ’ ಎಂಬ ಮರೆಯಲ್ಲಿ ನಿಲ್ಲುತ್ತಾರೆ. ಕಾರಣವನ್ನು ಕೇಳಿ ಹೊಸ ದಿನಾಂಕ ಬರೆಯಿರಿ, ಹಳೆಯ ದಿನಾಂಕವನ್ನು ಅಳಿಸದೆ ಅಡ್ಡಗೆರೆ ಎಳೆದು ಹಾಗೆಯೇ ಬಿಡಿ. ಒಂದೇ ಸಾಲಿನಲ್ಲಿ ಎರಡು ದಿನಾಂಕಗಳಿಗೆ ಗೆರೆ ಬಿದ್ದಿದ್ದರೆ ಆ ಕೆಲಸವನ್ನು ಮೂರನೆಯ ಬಾರಿ ಮುಂದೂಡಬಾರದು: ಅಡ್ಡಿಯನ್ನು ನೀವೇ ನಿವಾರಿಸಬೇಕು, ಬೇರೆಯವರಿಗೆ ವಹಿಸಬೇಕು, ಇಲ್ಲವೇ ಆ ಕೆಲಸ ಬೇಡವೆಂದು ತೀರ್ಮಾನಿಸಿ ಹೊಡೆದುಹಾಕಬೇಕು. ವೈಯಕ್ತಿಕ ಮಾತುಕತೆ ಅಗತ್ಯವಿದ್ದರೆ ಸಭೆಯ ಹೊರಗೆ ನಡೆಯಲಿ.

ಅವಧಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 9 ಜನರ ಒಂದು ಗಂಟೆ ಎಂದರೆ ಒಬ್ಬ ನೌಕರನ ಒಂದು ದಿನಕ್ಕೂ ಹೆಚ್ಚಿನ ದುಡಿಮೆ. ಸಾಫ್ಟ್‌ವೇರ್ ತಂಡಗಳಲ್ಲಿ ಚಾಲ್ತಿಯಲ್ಲಿರುವ ಸ್ಕ್ರಮ್ ಪದ್ಧತಿಯ ದೈನಂದಿನ ಸಭೆಗೆ 15 ನಿಮಿಷದ ಮಿತಿ ಇದೆ. ವಾರಕ್ಕೊಮ್ಮೆ ಸೇರುವ ನಿಮಗೆ 40 ನಿಮಿಷ ಧಾರಾಳವಾಯಿತು. ಇಬ್ಬರಿಗಷ್ಟೇ ಸಂಬಂಧಿಸಿದ ಚರ್ಚೆ ಬೆಳೆಯತೊಡಗಿದರೆ ಅವರಿಬ್ಬರೂ ಆಮೇಲೆ ಕುಳಿತು ಮಾತಾಡಿಕೊಳ್ಳಲಿ.

ನೀವು ಊರಲ್ಲಿಲ್ಲದ ಸೋಮವಾರವೂ ಸಭೆ ನಡೆಯಬೇಕು. ಅದನ್ನು ರದ್ದುಪಡಿಸಿದರೆ ರಿಜಿಸ್ಟರ್‌ನಲ್ಲಿರುವ ಪ್ರತಿಯೊಂದು ಗಡುವೂ ಯಾರೂ ಹೇಳದೆಯೇ ಒಂದು ವಾರ ಮುಂದಕ್ಕೆ ಹೋಗುತ್ತದೆ. ಆದ್ದರಿಂದ ನಿಮ್ಮ ಅನುಪಸ್ಥಿತಿಯಲ್ಲಿ ಅನುಪಾಲನೆಯನ್ನು ಓದಿ ಕೇಳುವವರು ಯಾರು ಎಂಬುದನ್ನು ಈಗಲೇ ಗೊತ್ತುಮಾಡಿ, ಅವರ ಹೆಸರನ್ನು ರಿಜಿಸ್ಟರ್‌ನ ಮೊದಲ ಪುಟದಲ್ಲಿ ಬರೆದಿಡಿ.