‘ನೀನ ನೋಡು’ ಅನ್ನುವ ಗೈಡು

ಪುಣೆಯಿಂದ ನಾಸಿಕ್ ರಸ್ತೆ ಹಿಡಿದು ನಾರಾಯಣಗಾಂವ್‌ನಲ್ಲಿ ಬಲಕ್ಕೆ ಹೊರಳಿದರೆ, ದ್ರಾಕ್ಷಿ ತೋಟಗಳ ಆಚೆ 45 ಮೀಟರ್ ಅಗಲದ ಬೋಗುಣಿಗಳು ಮುಗಿಲಿಗೆ ಬಾಯಿ ತೆರೆದು ನಿಂತಿರುತ್ತವೆ. ಅದು ಖೋಡದ್‌ನ ರೇಡಿಯೋ ದೂರದರ್ಶಕ, ಜಿಎಂಆರ್‌ಟಿ. ಇಂಥ ಬೋಗುಣಿಗಳು ಒಟ್ಟು 30. ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ಸುತ್ತಲ ಹಳ್ಳಿಗಳ ಜನ ಜಾತ್ರೆಗೆ ಬಂದಂತೆ ಬರುತ್ತಾರೆ. ಈ ಸಲ ನಾನೂ ಹೋಗಿದ್ದೆ. ಜೊತೆಗೆ ಅಣ್ಣನ ಮಗ, ಧಾರವಾಡದ ಹುಡುಗ, ಪುಣೆಯಲ್ಲಿ ಪಿಎಚ್‌ಡಿ ಎರಡನೇ ವರ್ಷ.

“ಮೊಬೈಲ್ ಬಂದ್ ಮಾಡ್ರಿ ಕಾಕಾ, ಅದರ ಅಲೆ ಇದಕ್ಕ ತೊಂದರೆ ಮಾಡ್ತದ,” ಅಂದ. ಮುಖ ಸಪ್ಪಗಿತ್ತು. ಕೇಳಿದ್ದಕ್ಕೆ, “ನಮ್ಮ ಗೈಡ್ ಏನೂ ಹೇಳಂಗಿಲ್ರಿ. ಏನ್ ಕೇಳಿದ್ರೂ ‘ನೀನ ನೋಡು’ ಅಂತಾರ.”

ಬೋಗುಣಿಯ ಅಡಿಯಲ್ಲಿ ನಿಂತು ಮೇಲೆ ನೋಡಿದರೆ ಆಕಾಶವೇ ಕಾಣುತ್ತದೆ. ಅದು ತಗಡಲ್ಲ, ಸ್ಟೀಲ್ ತಂತಿಯ ಜಾಲರಿ. ಇದು ಆಕಾಶದಿಂದ ಹಿಡಿಯುವ ರೇಡಿಯೋ ಅಲೆಗಳು ಗೇಣುದ್ದದಿಂದ ಆಳುದ್ದದವರೆಗಿನವು. ಜಾಲರಿಯ ಕಣ್ಣು ಬೆರಳಗಲ. ಅಷ್ಟು ಸಣ್ಣ ಕಿಂಡಿ ಆ ಅಲೆಗಳಿಗೆ ಗೋಡೆಯೇ. ಗಾಳಿ ಮಾತ್ರ ಸಲೀಸಾಗಿ ದಾಟುತ್ತದೆ. ಆದ್ದರಿಂದ ಹಗುರ, ಆದ್ದರಿಂದ ಅಗ್ಗ.

ಇದನ್ನು ಕಟ್ಟಿಸಿದ ಗೋವಿಂದ ಸ್ವರೂಪ್ ಅವರ ಕಥೆ ಶುರುವಾಗುವುದು ಒಂದು ಪತ್ರದಿಂದ. 1961ರಲ್ಲಿ, ಅವರೂ ಸೇರಿ ವಿದೇಶದಲ್ಲಿದ್ದ ನಾಲ್ವರು ಖಗೋಳ ವಿಜ್ಞಾನಿಗಳು, ಭಾರತಕ್ಕೆ ಬಂದು ರೇಡಿಯೋ ಖಗೋಳದ ತಂಡ ಕಟ್ಟುತ್ತೇವೆ ಎಂದು ಬರೆದರು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ (ಟಿಐಎಫ್‌ಆರ್) ಹೋಮಿ ಭಾಭಾ 1962ರ ಜನವರಿಯಲ್ಲೇ ತಂತಿ ಕಳಿಸಿದರು: ತಂಡ ಕಟ್ಟುವುದೆಂದು ತೀರ್ಮಾನಿಸಿದ್ದೇವೆ. ಅಷ್ಟು ದೊಡ್ಡ ಮನುಷ್ಯನ ಉತ್ತರ ಅಷ್ಟು ಬೇಗ ಬಂದಿತ್ತು! ಸ್ವರೂಪ್ 1963ರಲ್ಲಿ ಟಿಐಎಫ್‌ಆರ್ ಸೇರಿದರು, ವಯಸ್ಸು 34.

ಅವರು ಕೈಗೆ ತೆಗೆದುಕೊಂಡದ್ದು ಟ್ರಾಂಬೆಯ ಅಣುಶಕ್ತಿ ತರಬೇತಿ ಶಾಲೆಯಿಂದ ಆಗಷ್ಟೇ ಹೊರಬಿದ್ದ ಹುಡುಗರನ್ನು. ಸಿಡ್ನಿಯವರು ಬಳಸಿ, ಭಾರತಕ್ಕೆ ದಾನ ಕೊಟ್ಟಿದ್ದ 32 ಪುಟ್ಟ ಬೋಗುಣಿಗಳನ್ನು ಕಲ್ಯಾಣದಲ್ಲಿ ನಿಲ್ಲಿಸಿ 1965ರಲ್ಲಿ ಸೂರ್ಯನತ್ತ ತಿರುಗಿಸಿದರು. ಹಳೇ ಸಾಮಾನಿನ ಮೇಲೆ ಕೈ ಪಳಗಿತು. ಆಮೇಲೆ ಊಟಿ. ಅಲ್ಲಿನ ಅಕ್ಷಾಂಶ ಸುಮಾರು 11 ಡಿಗ್ರಿ. ಅಷ್ಟೇ ವಾಲಿರುವ ಗುಡ್ಡವೊಂದನ್ನು ಹುಡುಕಿ, ಅದರ ಮೈಮೇಲೆ ಉತ್ತರ-ದಕ್ಷಿಣವಾಗಿ 530 ಮೀಟರ್ ಉದ್ದದ ದೂರದರ್ಶಕವನ್ನು ಮಲಗಿಸಿದರು. ಅದರ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾದ್ದರಿಂದ, ಒಂದೇ ದಿಕ್ಕಿಗೆ ಹೊರಳಿಸಿದರೂ ಸಾಕು, ನಕ್ಷತ್ರದ ಬೆನ್ನು ಹತ್ತಬಹುದು. 1970ರಲ್ಲಿ ಅದು ಕೆಲಸಕ್ಕೆ ಇಳಿಯಿತು. ಇಷ್ಟು ದೊಡ್ಡ ಯಂತ್ರವನ್ನು ಅನುಭವವಿಲ್ಲದವರ ಕೈಗೆ ಕೊಡಲು ಎದೆಗಾರಿಕೆ ಬೇಕು. ಅದಕ್ಕಿಂತ ಹೆಚ್ಚಾಗಿ, ಅವರ ಪಕ್ಕದಲ್ಲಿ ನಿಲ್ಲುವ ಪುರುಸೊತ್ತು ಬೇಕು.

‘ನೀನ ನೋಡು’ ಅಂತ ನನ್ನ ಗೈಡೂ ಅಂದಿದ್ದರು. ಬರೆದು ಕೊಟ್ಟ ಅಧ್ಯಾಯ ಅವರ ಮೇಜಿನ ಮೇಲೆ ಎಂಟು ತಿಂಗಳು ಕೂತಿತ್ತು, ಚಹಾದ ಲೋಟದ ಗುರುತಿನ ಸಮೇತ. ತಪ್ಪಾಗಿದೆ ಎಂದು ಬೈದಿದ್ದರೂ ನಡೆಯುತ್ತಿತ್ತು. ಪುಣೆಯ ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಹಸ್ತಾಕ್ಷರ ಕೇಳುವ ಮಕ್ಕಳಿಗೆ, ಪೋಸ್ಟ್‌ಕಾರ್ಡಿನಲ್ಲಿ ಪ್ರಶ್ನೆ ಬರೆದು ಕಳಿಸಿ ಅನ್ನುತ್ತಿದ್ದರಂತೆ. ಉತ್ತರದ ಕೆಳಗೆ ಸಹಿ ಹೇಗೂ ಇರುತ್ತಿತ್ತಲ್ಲ.

ಇದನ್ನೆಲ್ಲ ಹುಡುಗನಿಗೆ ಹೇಳಲಿಲ್ಲ. “ಬರದು ಕೊಟ್ರ ಓದ್ತಾರೇನು?” ಅಂತಷ್ಟೇ ಕೇಳಿದೆ. “ಓದ್ತಾರ್ರಿ. ಕೆಂಪು ಮಾಡಿ ಇಡ್ತಾರ.”

ನಾರಾಯಣಗಾಂವ್ ಸ್ಟ್ಯಾಂಡಿನಲ್ಲಿ ಮೊಬೈಲ್ ಚಾಲೂ ಮಾಡಿದ. ಗೈಡಿನ ಮೇಲ್ ಬಂದಿತ್ತು: ಮೂರು ಸಾಲು, ಮೂರೂ ಪ್ರಶ್ನೆ. ಬಸ್ ಬಂದರೂ ಅವನು ಕತ್ತೆತ್ತಲಿಲ್ಲ; ರಟ್ಟೆ ಹಿಡಿದು ಹತ್ತಿಸಿದೆ.