ಗಾಂಜಾ ಲೀಗಲ್ ಆದ್ರೆ ಮಕ್ಕಳೆಲ್ಲ ಹಾಳಾಗ್ತಾರಾ?

ಪ್ರಶ್ನೆ: ಸರ್, ಅಮೆರಿಕದಲ್ಲಿ ಗಾಂಜಾ ಲೀಗಲ್ ಆದ್ಮೇಲೆ ಹೈಸ್ಕೂಲ್ ಹುಡುಗ್ರೆಲ್ಲ ಅದರ ಚಟಕ್ಕೆ ಬಿದ್ದಿದಾರಂತೆ, ನಿಜಾನಾ? ಮಗ ಎಂಎಸ್ ಮಾಡೋಕೆ ಡೆನ್ವರ್‌ಗೆ ಹೊರಟಿದಾನೆ.

ಉತ್ತರ: ಮತ್ತೆ ಅದೇನಾ! ಆ ವಾಟ್ಸಾಪ್ ಫಾರ್ವರ್ಡ್‌ಗೆ ಸಾವೇ ಇಲ್ಲ ಅನ್ಸುತ್ತೆ. ಇರ್ಲಿ, ಇನ್ನೊಂದ್ಸಲ ಹೇಳ್ತೀನಿ.

ಕಾನೂನು ಸಡಿಲ ಆಯ್ತು, ಅದಕ್ಕೇ ಜನ ಬದಲಾದ್ರು ಅಂತ ನೀವು ಅಂದ್ಕೊಂಡಿದೀರಿ. ಆಗಿದ್ದು ಉಲ್ಟಾ. ಜನಾಭಿಪ್ರಾಯ ಸರ್ವೆ ಮಾಡೋ ಗ್ಯಾಲಪ್‌ನವರು 1969ರಲ್ಲಿ ಕೇಳಿದಾಗ ಲೀಗಲ್ ಮಾಡಿ ಅಂದೋರು ನೂರಕ್ಕೆ 12 ಜನ, 2011ಕ್ಕೆ 50. ಅದಾದ್ಮೇಲೆ ತಾನೇ ನಿಮ್ಮ ಡೆನ್ವರ್ ಇರೋ ಕೊಲರಾಡೋ ರಾಜ್ಯ ಲೀಗಲ್ ಮಾಡಿದ್ದು? 2012ರ ನವೆಂಬರಲ್ಲಿ ಗವರ್ನರ್ರೇ ಬೇಡ ಅಂತಿದ್ರೂ ಜನ ವೋಟ್ ಹಾಕಿ ಪಾಸ್ ಮಾಡಿದ್ರು, ಅಂಗಡಿ ತೆರೆದಿದ್ದು 2014ರ ಜನವರಿ 1ಕ್ಕೆ.

ಈಗ ಮಕ್ಕಳ ವಿಷ್ಯ. ಅಲ್ಲಿ ಪ್ರತಿ ವರ್ಷ ಶಾಲೆಗಳಲ್ಲಿ ಒಂದು ದೊಡ್ಡ ಸರ್ವೆ ಮಾಡ್ತಾರೆ. 12ನೇ ಕ್ಲಾಸಿನವರಲ್ಲಿ ಒಂದು ವರ್ಷದೊಳಗೆ ಗಾಂಜಾ ಸೇದಿದೀವಿ ಅಂದೋರು ಅತಿ ಹೆಚ್ಚು ಇದ್ದಿದ್ದು ಯಾವಾಗ ಗೊತ್ತಾ, 1979ರಲ್ಲಿ, ಹೆಚ್ಚುಕಮ್ಮಿ ಅರ್ಧದಷ್ಟು ಮಕ್ಕಳು, ಆಗ ಇಡೀ ದೇಶದಲ್ಲಿ ಲೈಸೆನ್ಸ್ ಇರೋ ಗಾಂಜಾ ಅಂಗಡಿ ಒಂದೂ ಇರ್ಲಿಲ್ಲ. 2024ರಲ್ಲಿ? ಸುಮಾರು ಕಾಲು ಭಾಗ. ಇನ್ನೂ ಮಜಾ ಏನಂದ್ರೆ, ದಿನಾ ಸೇದಿದ್ರೆ ಭಾರೀ ಅಪಾಯ ಅಂತ 90ರ ದಶಕದ ಶುರುವಲ್ಲಿ ಮುಕ್ಕಾಲು ಭಾಗ ಮಕ್ಕಳು ಹೇಳ್ತಿದ್ರು, 2019ಕ್ಕೆ ಅದು 30 ಪರ್ಸೆಂಟ್‌ಗೆ ಇಳೀತು. ಭಯ ಹೋದ್ರೆ ಬಳಕೆ ಏರ್ಲೇಬೇಕು ಅನ್ನೋ ಲೆಕ್ಕ ಇಲ್ಲಿ ಹೊಂದಲ್ಲ ಅಂತ ನಾನು ಎಷ್ಟು ಸಲ ಬರೀಬೇಕು?

ಹಾಗಂತ ಏನೂ ಆಗಿಲ್ಲ ಅಂತಲ್ಲ. ಜಾಸ್ತಿ ಆಗಿರೋದು ದೊಡ್ಡೋರಲ್ಲಿ. 2022ರ ಲೆಕ್ಕದಲ್ಲಿ ದಿನಾ ಅಥವಾ ಹೆಚ್ಚುಕಮ್ಮಿ ದಿನಾ ಗಾಂಜಾ ತಗೊಳ್ಳೋರು 1.77 ಕೋಟಿ, ಹಾಗೇ ದಿನಾ ಕುಡಿಯೋರು 1.47 ಕೋಟಿ. ನಿಮ್ಮ ಮಗ ಸೇರೋದು ಈ ದೊಡ್ಡೋರ ಗುಂಪಿಗೆ, ಹೈಸ್ಕೂಲ್ ಲೆಕ್ಕ ಅವನಿಗ್ಯಾಕೆ!

ನೀವು ಕೇಳ್ಬೇಕಿದ್ದಿದ್ದು ವೀಸಾ ಬಗ್ಗೆ, ಅದನ್ನ ಯಾರೂ ಕೇಳಲ್ಲ. ಡೆನ್ವರಲ್ಲಿ 21 ತುಂಬಿದ್ರೆ ಐಡಿ ನೋಡಿ ಅಂಗಡಿಯೊಳಗೆ ಬಿಡ್ತಾರೆ, ಬಿಲ್ಲೂ ಕೊಡ್ತಾರೆ. ಆದ್ರೆ ಫೆಡರಲ್ ಕಾನೂನಲ್ಲಿ, ಅಂದ್ರೆ ಇಡೀ ದೇಶದ ಕಾನೂನಲ್ಲಿ, ಗಾಂಜಾ ಇಟ್ಕೊಳ್ಳೋದು ಇನ್ನೂ ಅಪರಾಧ, ಇಮಿಗ್ರೇಶನ್‌ನವರು ನೋಡೋದು ಅದನ್ನೇ. ರಜಕ್ಕೆ ಊರಿಗೆ ಬಂದು ವಾಪಸ್ ಹೋಗುವಾಗ ಗಾಂಜಾ ಸೇದಿದೀಯಾ ಅಂತ ಆಫೀಸರ್ ಕೇಳಿ, ಇವನು ಕೊಲರಾಡೋದಲ್ಲಿ ಲೀಗಲ್ ಅಲ್ವಾ ಅಂತ ಒಪ್ಕೊಂಡ್ರೆ, ಕೇಸೇ ಇಲ್ದಿದ್ರೂ ಒಳಗೆ ಬಿಡದೆ ಇರ್ಬೋದು. ಗ್ರೀನ್ ಕಾರ್ಡ್ ಇರೋರೂ ಬಚಾವಿಲ್ಲ, ಲೈಸೆನ್ಸ್ ಇರೋ ಗಾಂಜಾ ಅಂಗಡೀಲಿ ಕೆಲಸ ಮಾಡಿದ್ರೂ ಸಿಟಿಜನ್‌ಶಿಪ್ ಅರ್ಜಿಗೆ ಕಲ್ಲು ಬೀಳ್ಬೋದು ಅಂತ 2019ರಲ್ಲೇ ಇಮಿಗ್ರೇಶನ್ ಇಲಾಖೆ ಬರೆದಿಟ್ಟಿದೆ.