‘ವೈರ್‌ಲೆಸ್’ ಕ್ಯಾಮೆರಾ: ಇಲ್ಲದ ವೈರ್ ಯಾವುದು?

‘ವೈರ್‌ಲೆಸ್’ ಎಂದು ಬರೆದಿರುವ ಸಿಸಿಟಿವಿ ಕ್ಯಾಮೆರಾದ ಡಬ್ಬಿ ಬಿಚ್ಚಿದರೆ ಒಳಗೆ ಹೆಚ್ಚಾಗಿ ಒಂದು ವೈರ್ ಇರುತ್ತದೆ: 5 ವೋಲ್ಟಿನದೋ 12 ವೋಲ್ಟಿನದೋ ಅಡಾಪ್ಟರ್. ಈ ಹೆಸರಿನಲ್ಲಿ ಬಿಟ್ಟುಹೋಗಿರುವುದು ಚಿತ್ರ ಸಾಗಿಸುವ ವೈರ್ ಮಾತ್ರ, ಕರೆಂಟಿನದಲ್ಲ. ಚಿತ್ರ ವೈಫೈ ಮೂಲಕ ರೌಟರಿಗೆ, ಅಲ್ಲಿಂದ ಮೊಬೈಲಿಗೆ ಹೋಗುತ್ತದೆ. ಗೇಟಿನ ಮೇಲೆ ಹಾಕಿಸುವವರು ಅಲ್ಲಿ ಪ್ಲಗ್ ಪಾಯಿಂಟ್ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಎರಡೂ ವೈರ್ ಬೇಡವೆಂದರೆ ‘ಬ್ಯಾಟರಿ ಕ್ಯಾಮೆರಾ’ ಎಂದೇ ಕೇಳಿ. ಅದು ಸಾಮಾನ್ಯವಾಗಿ ದಿನವಿಡೀ ರೆಕಾರ್ಡ್ ಮಾಡುವುದಿಲ್ಲ. ಯಾರಾದರೂ ಸುಳಿದಾಗ ಎಚ್ಚೆತ್ತು, ಕೆಲವು ಸೆಕೆಂಡ್ ಚಿತ್ರ ಹಿಡಿದು, ಮತ್ತೆ ಮಲಗುತ್ತದೆ. ಇನ್ನೊಂದು ತೊಡಕು ನಮ್ಮ ಬಿಸಿಲು. ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ 45 ಡಿಗ್ರಿಗಿಂತ ಹೆಚ್ಚು ಕಾವಿನಲ್ಲಿ ಚಾರ್ಜ್ ಮಾಡಬಾರದು. ಮೇ ತಿಂಗಳ ಕಲಬುರಗಿಯಲ್ಲಿ ನೆರಳಿನಲ್ಲೇ 42 ಇರುವಾಗ, ಪಡುವಣ ಗೋಡೆಯ ಮೇಲೆ ಬಿಸಿಲು ಕುಡಿಯುವ ಡಬ್ಬಿಯೊಳಗೆ ಎಷ್ಟಿದ್ದೀತು! ಛಾವಣಿಯ ಅಂಚಿನ ಕೆಳಗೆ, ನೆರಳಲ್ಲಿ ಕೂರಿಸಿ.

ವೈಫೈಗೆ ದೊಡ್ಡ ಶತ್ರು ಗೋಡೆ. ಹಳೆ ಕಲಬುರಗಿಯ ಶಹಾಬಾದಿ ಕಲ್ಲಿನ ಮನೆಗಳಲ್ಲಿ, ಬೀದರಿನ ಜಂಬಿಟ್ಟಿಗೆ ಕಟ್ಟಡಗಳಲ್ಲಿ ಒಂದೂವರೆ ಎರಡು ಅಡಿ ದಪ್ಪದ ಗೋಡೆ ಸಿಗ್ನಲ್ಲನ್ನು ನುಂಗಿಬಿಡುತ್ತದೆ. 5 ಗಿಗಾಹರ್ಟ್ಸ್‌ಗಿಂತ 2.4 ಗಿಗಾಹರ್ಟ್ಸ್ ಗೋಡೆಯನ್ನು ಚೆನ್ನಾಗಿ ದಾಟುತ್ತದೆ. ಕಡಿಮೆ ಬೆಲೆಯ ಹೆಚ್ಚಿನ ಕ್ಯಾಮೆರಾಗಳು ಹಿಡಿಯುವುದೂ 2.4 ಮಾತ್ರ. ಗೋಡೆಗೆ ಡ್ರಿಲ್ ಹಾಕುವ ಮುಂಚೆ ಬಾಗಿಲು ಮುಚ್ಚಿಸಿ, ಕ್ಯಾಮೆರಾ ಬರುವ ಜಾಗದಲ್ಲೇ ಮೊಬೈಲ್ ಹಿಡಿದು, ವೈಫೈ ಅಳೆಯುವ ಆ್ಯಪ್‌ನಲ್ಲಿ ನೋಡಿ. ಅದು ಸಿಗ್ನಲ್ಲಿನ ಬಲವನ್ನು ಡಿಬಿಎಂನಲ್ಲಿ ತೋರಿಸುತ್ತದೆ, ಸೊನ್ನೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ಮೈನಸ್ 65ರ ಒಳಗಿದ್ದರೆ ಸರಿ. ಮೈನಸ್ 75 ದಾಟಿದರೆ ಚಿತ್ರ ತಡವರಿಸುತ್ತದೆ.

ಇನ್ನು ‘ವೈರ್ಡ್’. ಈ ಪದದಡಿ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ. ಹಳೆಯದು ಡಿವಿಆರ್, ಅಂದರೆ ಎಲ್ಲ ಕ್ಯಾಮೆರಾಗಳ ಚಿತ್ರವನ್ನು ರೆಕಾರ್ಡ್ ಮಾಡಿಡುವ ಪೆಟ್ಟಿಗೆ: ಪ್ರತಿ ಕ್ಯಾಮೆರಾಕ್ಕೆ ಚಿತ್ರದ ತಂತಿಯೂ ಕರೆಂಟಿನ ತಂತಿಗಳೂ ಒಟ್ಟಿಗಿರುವ ‘ತ್ರೀ ಪ್ಲಸ್ ಒನ್’ ಕೇಬಲ್, ತುದಿಗೆ ಚಿತ್ರಕ್ಕೆ ಬಿಎನ್‌ಸಿ ಪಿನ್, ಕರೆಂಟಿಗೆ ಡಿಸಿ ಪಿನ್, ನಾಲ್ಕು ಕ್ಯಾಮೆರಾಕ್ಕೆ 12 ವೋಲ್ಟ್ 5 ಆ್ಯಂಪ್ಸಿನ ಒಂದು ಎಸ್‌ಎಂಪಿಎಸ್ (ಮನೆಯ ಕರೆಂಟನ್ನು 12 ವೋಲ್ಟಿಗೆ ಇಳಿಸಿ ಕೊಡುವ ಡಬ್ಬಿ). ಇದರ ಪದೇ ಪದೇ ಬರುವ ಕಾಯಿಲೆ ಎಂದರೆ ಹಗಲೆಲ್ಲ ಸರಿಯಿದ್ದ ಕ್ಯಾಮೆರಾ ಕತ್ತಲಾದೊಡನೆ ಆರಿ, ಹತ್ತಿ, ಮತ್ತೆ ಆರುವುದು. ಹೆಚ್ಚಿನ ಸಲ ಕೆಟ್ಟಿರುವುದು ಕ್ಯಾಮೆರಾ ಅಲ್ಲ. ಕತ್ತಲಲ್ಲಿ ಕಾಣಲೆಂದು ಕ್ಯಾಮೆರಾದಲ್ಲಿರುವ ಐಆರ್ (ಇನ್ಫ್ರಾರೆಡ್) ದೀಪಗಳು ರಾತ್ರಿ ಹೊತ್ತಿದಾಗ ಕರೆಂಟ್ ಹೆಚ್ಚು ಬೇಕು. ಉದ್ದನೆಯ ತೆಳು ತಂತಿಯಲ್ಲಿ ವೋಲ್ಟೇಜ್ ಕುಸಿಯುತ್ತದೆ. ರಾತ್ರಿಯೇ, ಐಆರ್ ಉರಿಯುತ್ತಿರುವಾಗಲೇ, ಕ್ಯಾಮೆರಾ ಕಡೆಯ ತುದಿಯಲ್ಲಿ ಮಲ್ಟಿಮೀಟರ್ ಹಿಡಿಯಿರಿ. 10.8 ವೋಲ್ಟಿಗಿಂತ ಕೆಳಗಿದ್ದರೆ ರೋಗ ಸಿಕ್ಕಿತು. ಆ ಕ್ಯಾಮೆರಾದ ಹತ್ತಿರವೇ ಬೇರೆ ಅಡಾಪ್ಟರ್ ಕೊಡುವುದು ಮದ್ದು. ಕೆಲವರು ಎಸ್‌ಎಂಪಿಎಸ್‌ನ ತಿರುಪು ತಿರುಗಿಸಿ ವೋಲ್ಟೇಜ್ ಏರಿಸುತ್ತಾರೆ; ಆಗ ಹತ್ತಿರದ ಕ್ಯಾಮೆರಾಗಳಿಗೆ ಅಜೀರ್ಣ.

ಹೊಸದು ಪಿಒಇ (ಪವರ್ ಓವರ್ ಈಥರ್‌ನೆಟ್): ಒಂದೇ ಕ್ಯಾಟ್-6 ಕೇಬಲ್ಲಿನಲ್ಲಿ ಚಿತ್ರವೂ ಕರೆಂಟೂ. ಸುಮಾರು 48 ವೋಲ್ಟಿನಲ್ಲಿ ಹರಿಯುವುದರಿಂದ ಕುಸಿತದ ಕಾಟ ಕಡಿಮೆ, ‘802.3ಎಎಫ್’ ಎಂಬ ಮಾನದಂಡದ ಪೋರ್ಟ್ 15.4 ವ್ಯಾಟ್ ಕೊಡುತ್ತದೆ, ದೂರದ ಮಿತಿ 100 ಮೀಟರ್. ಆದರೆ ಕೇಬಲ್ ಅಪ್ಪಟ ತಾಮ್ರದ್ದಿರಬೇಕು. ಅಂಗಡಿಯಲ್ಲೇ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಕೆಂಪು ಹೋಗಿ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ, ವಾಪಸ್ ಇಡಿ.

ಕರೆಂಟ್ ಹೋದರೆ? ಡಿವಿಆರ್, ಎಸ್‌ಎಂಪಿಎಸ್, ರೌಟರ್ ಮೂರನ್ನೂ ಇನ್ವರ್ಟರ್ ಲೈನಿಗೆ ಹಾಕಿಸಿದರೆ ಇಂಟರ್‌ನೆಟ್ ಇರಲಿ ಬಿಡಲಿ, ರೆಕಾರ್ಡಿಂಗ್ ನಡೆದೇ ಇರುತ್ತದೆ. ಸೆಕೆಂಡಿಗೆ 2 ಮೆಗಾಬಿಟ್ (2 ಎಂಬಿಪಿಎಸ್) ಲೆಕ್ಕದಲ್ಲಿ ಒಂದು ಕ್ಯಾಮೆರಾ ದಿನಕ್ಕೆ 21.6 ಜಿಬಿ ತಿನ್ನುತ್ತದೆ. ನಾಲ್ಕಕ್ಕೆ 1 ಟಿಬಿ ಹಾರ್ಡ್ ಡಿಸ್ಕ್ ಸುಮಾರು 11 ದಿನ. ಅದೇ ಲೆಕ್ಕದಲ್ಲಿ ವೈಫೈ ಕ್ಯಾಮೆರಾದ 64 ಜಿಬಿ ಕಾರ್ಡ್ ಮೂರು ದಿನವೂ ಬಾರದು. ಕಳ್ಳ ಕ್ಯಾಮೆರಾವನ್ನೇ ಕಿತ್ತುಕೊಂಡು ಹೋದರೆ ಕಾರ್ಡೂ ಹೋಯಿತು.

ಮನೆ ಕಟ್ಟುತ್ತಿದ್ದರೆ ಚರ್ಚೆಯೇ ಬೇಡ: ಪ್ಲಾಸ್ಟರಿಗೆ ಮುಂಚೆ ನಾಲ್ಕೂ ಮೂಲೆಗೆ 25 ಎಂಎಂ ಪೈಪ್ ಹಾಕಿಸಿ, ಪಿಒಇ ಎಳೆಸಿ. ಬಾಡಿಗೆ ಮನೆಗೆ ವೈಫೈ ಸಾಕು.

ಯಾದಗಿರಿ ಕಡೆಯ ಹೊಲದಲ್ಲಿ ತೊಗರಿ ರಾಶಿ ಕಾಯಬೇಕೆಂದರೆ ಈ ಎರಡೂ ನಡೆಯುವುದಿಲ್ಲ. ಅಲ್ಲಿಗೆ 4ಜಿ ಸಿಮ್ ಇರುವ ಸೋಲಾರ್ ಕ್ಯಾಮೆರಾ ಬೇಕು. ಹೆಸರಿಗೆ ತಕ್ಕ ವೈರ್‌ಲೆಸ್ ಅದೇ. ಸಿಮ್‌ನ ಸಿಗ್ನಲ್ ಹೊಲದಲ್ಲೇ ನಿಂತು ಪರೀಕ್ಷಿಸಿ, ಪ್ಯಾನೆಲನ್ನು ದಕ್ಷಿಣಕ್ಕೆ ತಿರುಗಿಸಿ ಕಟ್ಟಿ. ರಾಶಿ ಮಾಡಿದ ದಿನ ಹೊಟ್ಟಿನ ಧೂಳು ಪ್ಯಾನೆಲ್ ಮೇಲೆ ಕೂತಿರುತ್ತದೆ, ಸಂಜೆ ಒದ್ದೆ ಬಟ್ಟೆಯಿಂದ ಒರೆಸಿಯೇ ಮನೆಗೆ ಹೋಗಿ.